ಡೊಂಕು ವಾಟೆ ಹುಡುಕುವ ಮುತ್ತಮ್ಮ

ಬೆಳಗಿನ ಆರೂವರೆ. ಬಣಕಲ್‌ನಿಂದ ಜಾವಳಿ ಕಡೆಗೆ ಹೋಗುವ ರಸ್ತೆ ಬಿಟ್ಟು, ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಸ್ವಲ್ಪ ಇಳಿದರೆ ಹಳ್ಳದ ಸದ್ದು ಕೇಳುತ್ತದೆ. ಮಂಜು ನೀರಿನ ಮೇಲಿಂದ ಇನ್ನೂ ಎದ್ದಿಲ್ಲ. ದಂಡೆಯ ವಾಟೆ ಮೆಳೆಯೊಳಗೆ ಒಬ್ಬ ಹೆಂಗಸು, ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಒಂದೊಂದೇ ಗಳುವನ್ನು ಹಿಡಿದು ಉಗುರಿನಿಂದ ತಟ್ಟುತ್ತಿದ್ದಾರೆ. ತಟ್ಟಿ ಕಿವಿಗೊಡುತ್ತಾರೆ. ಬುಡದವರೆಗೆ ಬಗ್ಗಿ ನೋಡುತ್ತಾರೆ. ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಕತ್ತಿ ಸೊಂಟದಲ್ಲಿಯೇ ಇದೆ.

ವಾಟೆ ಎಂದರೆ ನಮ್ಮ ಹಳ್ಳದ ಬದಿಗಳಲ್ಲಿ ಬೆಳೆಯುವ ತೆಳು ಬಿದಿರು. ಗೋಡೆ ತೆಳ್ಳಗೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು, ಕೈಗೆ ತೂಕವೇ ಇಲ್ಲದ ಹಾಗೆ ಹಗುರ. ನನ್ನ ಕಣ್ಣಿಗೆ ಬಹಳ ಚೆನ್ನಾಗಿ ಕಂಡ ಒಂದನ್ನು ತೋರಿಸುತ್ತೇನೆ. ಅವರು ಅದನ್ನು ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸುತ್ತಾರೆ.

"ಇದು ನೆಟ್ಟಗೈತೆ ಅಮ್ಮ. ಇವತ್ತು ನೆಟ್ಟಗಿರೋದು ಬ್ಯಾಡ."

ಇವರು ಮುತ್ತಮ್ಮ. ಐವತ್ತೈದರ ಆಸುಪಾಸಿನ ವಯಸ್ಸು. ಹಗಲೆಲ್ಲ ಎಸ್ಟೇಟಿನ ಕೂಲಿ. ಬೆಳಗಿನ ಮತ್ತು ಸಂಜೆಯ ಬಿಡುವಿನಲ್ಲಿ ಗಾಳದ ಕೋಲು ಮಾಡುತ್ತಾರೆ. ಈ ಸುತ್ತಿನ ಕೂಲಿಕಾರರ ಲೈನ್ ಮನೆಗಳಲ್ಲಿ ಯಾರ ಸೂರಿನಡಿ ಕೈ ಹಾಕಿದರೂ ಮುತ್ತಮ್ಮನ ಕೋಲೊಂದು ಸಿಕ್ಕೀತು. ಅವುಗಳನ್ನು ಮಾಡಿದವರ ಹೆಸರು ಮಾತ್ರ ಈ ಹಳ್ಳದಾಚೆ ಯಾರಿಗೂ ಗೊತ್ತಿಲ್ಲ. ಅವರ ಕೋಲುಗಳೆಲ್ಲ ನೇರ. ಇಂದು ಮಾತ್ರ ಬುಡದಲ್ಲಿ ಬಾಗಿದ, ಬೇರೆ ದಿನವಾಗಿದ್ದರೆ ಒಲೆಗೆ ಹೋಗುತ್ತಿದ್ದ ಗಳುವೊಂದನ್ನು ಅವರು ಹುಡುಕುತ್ತಿದ್ದಾರೆ. ಅದು ತಮ್ಮಯ್ಯನವರಿಗಾಗಿ.

ತಮ್ಮಯ್ಯನವರ ವಿಷಯಕ್ಕೆ ಬರುವ ಮುನ್ನ ಇಲ್ಲಿನ ಹಳ್ಳದ ಬಗ್ಗೆ ಒಂದಿಷ್ಟು ಹೇಳಬೇಕು. ಇದು ದೊಡ್ಡ ಹೊಳೆಯಲ್ಲ. ಎಷ್ಟೋ ಕಡೆ ಸೀರೆ ಎತ್ತಿಕೊಂಡು ದಾಟಬಹುದು. ಮೇಲೆ ಮರಗಳ ನೆರಳು, ಎರಡೂ ಬದಿಯಿಂದ ಬಾಗಿದ ಕೊಂಬೆಗಳು. ಕಲ್ಲುಗಳ ಸಂದಿಯಲ್ಲಿ, ಸಣ್ಣ ಗುಂಡಿಗಳಲ್ಲಿ ಬೆರಳುದ್ದ, ಹೆಚ್ಚೆಂದರೆ ಗೇಣುದ್ದದ ಮೀನು. ಊರಿನವರು ಅವನ್ನು ಬರಿಯ 'ಹಳ್ಳದ ಮೀನು' ಎನ್ನುತ್ತಾರೆ. ಇಲ್ಲಿ ಉದ್ದ ಕೋಲು ತಂದವರ ದಾರ ಕೊಂಬೆಗೆ ಸಿಕ್ಕುತ್ತದೆ. ದಪ್ಪ ಕೋಲು ತಂದವರಿಗೆ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ತುದಿ ಗಡುಸಾಗಿದ್ದರೆ ಎಳೆದ ರಭಸಕ್ಕೆ ಮೀನಿನ ಬಾಯಿ ಹರಿದು ಅದು ನೀರಿಗೇ ಹೋಗುತ್ತದೆ.

"ಹೊಳೆಗೆ ಬೇರೆ ಕೋಲು, ಕೆರೆಗೆ ಬೇರೆ ಕೋಲು. ಹಳ್ಳಕ್ಕೆ ಹಗೂರ ಇರ್ಬೇಕು. ಮೀನು ಮುಟ್ಟಿದ್ರೆ ಯಾರೋ ಸೆರಗು ಎಳೆದಂಗೆ ಗೊತ್ತಾಗ್ಬೇಕು" ಎನ್ನುತ್ತಾರೆ ಮುತ್ತಮ್ಮ.

ಆ ವರ್ಷ ಎದ್ದ ಗಳು ಬೇಡ, ಒಣಗಿದ ಮೇಲೆ ಸುಕ್ಕಾಗುತ್ತದೆ. ತೀರ ಹಳೆಯದು ಬೇಡ, ಮುರಿಯುತ್ತದೆ. ಮೈಮೇಲಿನ ಬಿಳಿ ಪುಡಿ ಹೋಗಿ ಹಳದಿಗೆ ತಿರುಗುತ್ತಿರುವ ನಡುವಯಸ್ಸಿನದು ಬೇಕು. ತುದಿಯ ಪರೀಕ್ಷೆಗೆ ಮುತ್ತಮ್ಮನದೇ ಒಂದು ರೀತಿ ಇದೆ. ಕೋಲಿನ ತುದಿಗೆ ಬಳ್ಳಿಯಿಂದ ಕಿತ್ತ ಕಾಳುಮೆಣಸಿನ ಒಂದು ಗೊನೆಯನ್ನು ನೇತುಹಾಕುತ್ತಾರೆ. ಅಷ್ಟು ಭಾರಕ್ಕೆ ತುದಿ ತಲೆ ಬಾಗಿಸಬೇಕು, ಗೊನೆ ತೆಗೆದ ಕೂಡಲೇ ಎದ್ದು ನಿಲ್ಲಬೇಕು. ಬಾಗದಿದ್ದರೆ ಅದು ಕೆರೆಯವರಿಗೆ ಹೋಗುತ್ತದೆ. ಬಾಗಿ ಹಾಗೆಯೇ ಉಳಿದರೆ ಹುರುಳಿಕಾಯಿ ಬಳ್ಳಿಗೆ ಊರುಗೋಲಾಗುತ್ತದೆ.

ಇದೆಲ್ಲ ಅಪ್ಪನಿಂದ ಬಂದದ್ದು. ಚಿಕ್ಕಯ್ಯ ಅವರ ಹೆಸರು. ಅವರೂ ಇದೇ ಎಸ್ಟೇಟಿನಲ್ಲಿ ದುಡಿದವರು. ಮಗಳು ಬೇಡವೆಂದರೂ ಮೆಳೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. "ಗಂಡುಮಕ್ಳು ಇರ್ಲಿಲ್ಲ ಅಂತಲ್ಲ, ಇದ್ರು. ಅವ್ರಿಗೆ ಮೀನು ತಿನ್ನದು ಮಾತ್ರ ಬರ್ತಿತ್ತು" ಎಂದು ಮುತ್ತಮ್ಮ ನಗುತ್ತಾರೆ. ಎಂಟು ಗಂಟೆಗೆ ಎಸ್ಟೇಟಿನ ಕೆಲಸಕ್ಕೆ ನಿಲ್ಲಬೇಕು. ಅದಕ್ಕೆ ಮೊದಲು ನೀರು, ಅಡುಗೆ, ಕೋಲು. ಸಂಜೆ ಬಂದ ಮೇಲೆ ಮತ್ತೆ ಕೋಲು. ಒಂದು ಹಂಗಾಮಿಗೆ ಮೂವತ್ತೋ ನಲವತ್ತೋ ಆಗುತ್ತವೆ. ಒಂದಿಷ್ಟು ಬಣಕಲ್‌ನ ಅಂಗಡಿಗೆ, ಒಂದಿಷ್ಟು ಲೈನಿನವರಿಗೆ. ಲೈನಿನವರು ಹಣದ ಬದಲು ಒಮ್ಮೊಮ್ಮೆ ಮೀನು ಕೊಟ್ಟು ಹೋಗುತ್ತಾರೆ, ಒಮ್ಮೊಮ್ಮೆ ಅದನ್ನೂ ಮರೆಯುತ್ತಾರೆ. ಇದರಿಂದ ಸಂಸಾರ ನಡೆಯುವುದಿಲ್ಲ. ನಡೆಯಲಿ ಎಂದು ಅವರು ಮಾಡುತ್ತಲೂ ಇಲ್ಲ.

ಎಸ್ಟೇಟಿನ ಮಾಲೀಕ ವೀರೇಂದ್ರ ನಾಲ್ಕೈದು ವರ್ಷಗಳಿಂದ ಒಂದು ಹೋಂಸ್ಟೇ ನಡೆಸುತ್ತಿದ್ದಾರೆ. ಬರುವ ಅತಿಥಿಗಳಲ್ಲಿ ಕೆಲವರಿಗೆ ಮೀನಿನ ಹುಚ್ಚು. 'ಟ್ರೌಟ್ ಇದೆಯಾ' ಎಂದು ಕೇಳುವವರೂ ಇದ್ದಾರೆ. ಆ ಮೀನು ಇಲ್ಲಿಲ್ಲ, ಇರುವುದು ಇಷ್ಟೇ ಎಂದು ವೀರೇಂದ್ರ ಬೆರಳು ತೋರಿಸುತ್ತಾರೆ. ಹೋದ ವರ್ಷ ಒಬ್ಬರು ವಿದೇಶದ ಸಣ್ಣ ತೊರೆಗಳಿಗೆಂದೇ ಮಾಡಿದ 'ಅಲ್ಟ್ರಾಲೈಟ್' ರಾಡ್ ತಂದಿದ್ದರು. ಕೊಳವೆಯೊಳಗೆ ಕೊಳವೆ ಸೇರುವ ಕಪ್ಪು ಕಾರ್ಬನ್ ಕೋಲು. ಅವರು ಅದನ್ನು ಮುತ್ತಮ್ಮನ ಕೈಗೆ ಕೊಟ್ಟು, ಹೇಗಿದೆ ಹೇಳಿ ಎಂದಿದ್ದರಂತೆ.

"ನಿಜ ಹೇಳ್ಬೇಕಲ್ಲ, ಚೆನ್ನಾಗಿತ್ತು. ವಾಟೆಗಿಂತ ಹಗೂರ. ನಾನು ಮಾಡಿದ್ದೊಂದು ಅವ್ರು ತಗಂಡ್ರು, ಅವ್ರದ್ದು ಒಂದು ದಿನ ನಂಗೆ ಕೊಟ್ರು. ಪಾಪ, ಒಳ್ಳೆ ಮನ್ಷ" ಎಂದು ನೆನೆಯುತ್ತಾರೆ.

ಈ ಮೆಳೆ ಇಲ್ಲಿ ಉಳಿದಿರುವುದೂ ಒಂದು ಒಳ್ಳೆಯತನದಿಂದಲೇ. ಹೋಂಸ್ಟೇಗೆ ಜೀಪ್ ದಾರಿ ಮಾಡುವಾಗ ಅದು ಮೆಳೆಯ ಮೇಲೆ ಹಾದುಹೋಗುವುದಿತ್ತು. ಯಾರೂ ಕೇಳಿಕೊಳ್ಳದೆಯೇ ವೀರೇಂದ್ರ ದಾರಿಯನ್ನು ಮೇಲಕ್ಕೆ ತಿರುಗಿಸಿದರು. ಕಾರಣ ಕೇಳಿದರೆ "ಅಲ್ಲಿ ಇಳಿಜಾರು ಜಾಸ್ತಿ ಇತ್ತು" ಎನ್ನುತ್ತಾರೆ. ತಿರುಗಿಸಿದ ಕಡೆ ಇಳಿಜಾರು ಇನ್ನೂ ಹೆಚ್ಚಿದೆ.

ಈಗ ತಮ್ಮಯ್ಯ. ಮುತ್ತಮ್ಮನ ಸೋದರಮಾವನ ಮಗ, ವಯಸ್ಸಿನಲ್ಲಿ ದೊಡ್ಡವರು, ಹಾಗಾಗಿ ಭಾವ. ಅದೇ ಲೈನಿನ ಕೊನೆಯ ಮನೆ. ಈ ಹಳ್ಳದಲ್ಲಿ ಅವರಷ್ಟು ಚೆನ್ನಾಗಿ ಗಾಳ ಹಾಕುವವರಿಲ್ಲ ಎಂಬುದನ್ನು ಅವರಿಗೆ ಆಗದವರೂ ಒಪ್ಪುತ್ತಾರೆ. ಇಷ್ಟು ವರ್ಷಗಳಲ್ಲಿ ಅವರು ಮುತ್ತಮ್ಮನಿಂದ ಒಂದು ಕೋಲನ್ನೂ ತೆಗೆದುಕೊಂಡವರಲ್ಲ. ತಮ್ಮದನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅವರ ಮನೆಯ ಮುಂದೆ ಮುತ್ತಮ್ಮ ಹೊಸ ಕೋಲು ಹಿಡಿದು ಹಾದರೆ ಸಾಕು, ಜಗಲಿಯಿಂದ ಮಾತು ಬರುತ್ತಿತ್ತು: "ಏನ್ ಮಾರಾಯ್ತಿ, ಎಮ್ಮೆ ಕಾಯಕ್ಕೆ ಹೊಂಟ್ಯಾ?" ಇವರೂ ಬಿಡುತ್ತಿರಲಿಲ್ಲ. "ಹೂಂ ಭಾವ, ನಿಮ್ದೊಂದು ತಪ್ಪಿಸ್ಕಂಡಿತ್ತು, ಜಗಲೀಲಿ ಕುಂತೈತೆ ಅಂದ್ರು."

ಹೋದ ಶಿವರಾತ್ರಿಯ ಸಮಯದಲ್ಲಿ ಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಒಂಟಿ ಬಿದಿರಿನ ಏಣಿ ಜಾರಿತು. ಬಿದ್ದ ತಮ್ಮಯ್ಯನ ಬಲ ಭುಜ, ಬಲ ಮುಂಗೈ ಎರಡೂ ಮುರಿದವು. ಮೂಳೆ ಕೂಡಿತು. ಆದರೆ ಕೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿಲ್ಲ, ಹಿಡಿತದಲ್ಲಿ ಬಲವಿಲ್ಲ. ಮೂಡಿಗೆರೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೊಥೆರಪಿಸ್ಟ್, ದಿನವೂ ಕೈ ಆಡಿಸುತ್ತಲೇ ಇರಬೇಕು, ವರ್ಷ ತುಂಬುವುದರೊಳಗೆ ಭುಜ ಸಡಿಲವಾಗದಿದ್ದರೆ ಆಮೇಲೆ ಕಷ್ಟ ಎಂದಿದ್ದಾರೆ. ಬೆರಳುಗಳನ್ನು ಗೋಡೆಯ ಮೇಲೆ ಇರಿಸಿ ಮೆಲ್ಲಗೆ ಮೇಲಕ್ಕೆ ನಡೆಸುವುದು ಅವರು ಕೊಟ್ಟ ವ್ಯಾಯಾಮ.

"ಗೋಡೆ ಹತ್ಸಿ ಅಂದ್ರೆ, ನಾನೇನು ಹಲ್ಲಿನಾ ಅಂತಾರೆ" ಎನ್ನುತ್ತಾರೆ ಹೆಂಡತಿ ದೇವೀರಮ್ಮ. ಹೇಳುವಾಗ ನಗುತ್ತಾರೆ, ಆಮೇಲೆ ನಗುವುದಿಲ್ಲ. "ಎರಡು ದಿನ ಮಾಡಿದ್ರು. ನೋವು ಅಂತ ಬಿಟ್ರು. ಈಗ ಕೈನ ಮಡಿಲಲ್ಲಿ ಇಟ್ಕಂಡು ಕೂರ್ತಾರೆ. ಬೇರೆಯವ್ರ ಕೂಸು ಇಟ್ಕಂಡಂಗೆ."

ಜಗಲಿಯಲ್ಲಿ ಕುಳಿತ ತಮ್ಮಯ್ಯನವರನ್ನು ನಾನೂ ಮಾತನಾಡಿಸಿದೆ. ಬೆಲ್ಲದ ಕಾಫಿ ಕೊಡಿಸಿದರು, ಮಳೆಯ ಬಗ್ಗೆ ಹೇಳಿದರು. ಗಾಳದ ಮಾತು ಬಂದಾಗ ಮಾತ್ರ ದಾರಿಯ ಕಡೆ ನೋಡಿದರು. "ಕೈ ಹೋದ್ ಮೇಲೆ ಕೋಲು ಯಾಕಮ್ಮ? ಅವ್ಳು ಮಾಡ್ತಾಳಂತೆ, ಮಾಡ್ಲಿ ಬಿಡಿ" ಎಂದರು.

ಲೈನಿನ ಕೆಳಗೆ, ದಾರಿ ಹಳ್ಳ ದಾಟುವ ಮೋರಿಯ ಪಕ್ಕದಲ್ಲಿ, ತಮ್ಮಯ್ಯ ಯಾವಾಗಲೂ ಕೂರುತ್ತಿದ್ದ ಗುಂಡಿಯೊಂದಿದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಇಡೀ ಲೈನು ಹಳ್ಳಕ್ಕೆ ಇಳಿಯುತ್ತದೆ. ಈ ಸಲವೂ ಇಳಿದಿದೆ. ಆ ಗುಂಡಿಗೆ ಮಾತ್ರ ಯಾರೂ ಗಾಳ ಹಾಕಿಲ್ಲ. ಹಾಕಬೇಡಿ ಎಂದು ಯಾರೂ ಯಾರಿಗೂ ಹೇಳಿಲ್ಲವಂತೆ. ಮೇಲಿನ ಗುಂಡಿಯಲ್ಲಿ ಕೂತು, ಕೆಳಗಿನ ಗುಂಡಿಯಲ್ಲಿ ಕೂತು, ನಡುವಿನದನ್ನು ದಾಟಿ ಹೋಗುತ್ತಾರೆ. "ಅಲ್ಲಿ ಮೀನು ಈಗ ದಪ್ಪ ದಪ್ಪ ಆಗಿರ್ತಾವೆ" ಎಂದು ಮುತ್ತಮ್ಮನ ಗಂಡ ಕೆಂಚಯ್ಯ ಆಸೆಯ ಕಣ್ಣಿನಲ್ಲಿ ಹೇಳುತ್ತಾರೆ. ಅವರ ಕೋಲೂ ಅಲ್ಲಿಗೆ ಹೋಗಿಲ್ಲ.

ಹೋಂಸ್ಟೇ ಅತಿಥಿ ಮತ್ತೊಮ್ಮೆ ಬಂದಾಗ ಆ ಕಾರ್ಬನ್ ಕೋಲನ್ನೇ ತಮ್ಮಯ್ಯನಿಗೆ ಕೊಟ್ಟು ನೋಡಿದ್ದಾಯಿತು. ಹಗುರವೇನೋ ಹೌದು. ಆದರೆ ಅದನ್ನು ಬೆರಳು ಬಿಗಿದೇ ಹಿಡಿಯಬೇಕು. ದಾರ ಸುತ್ತುವ ರಾಟೆ ಇರುವ ಕಡೆ ಮುಂಗೈ ಮೇಲೆ ಭಾರ. ಒಂದು ಸಲ ಬೀಸುವುದರೊಳಗೆ ಕೋಲು ಕೈಜಾರಿತು. ಅತಿಥಿಯೇ ನೀರಿಗಿಳಿದು ಎತ್ತಿಕೊಂಡು, "ತಪ್ಪು ನಂದು, ಹಿಡಿ ಒದ್ದೆಯಾಗಿತ್ತು" ಎಂದರಂತೆ. ಹಿಡಿ ಒಣಗಿಯೇ ಇತ್ತೆಂದು ದೇವೀರಮ್ಮ ಹೇಳುತ್ತಾರೆ.

ಮುತ್ತಮ್ಮ ಕೋಲು ಮಾಡಲು ನಿಂತದ್ದು ಅದಾದ ಮೇಲೆ. ಮೊದಲ ಪ್ರಯತ್ನ ಕೆಟ್ಟಿತು. ಅದನ್ನು ಅವರು ಮುಚ್ಚಿಡುವುದಿಲ್ಲ.

ಇಲ್ಲಿ ಬಿದಿರು, ವಾಟೆ ಕಡಿಯುವವರು ಚಂದ್ರನನ್ನು ನೋಡುತ್ತಾರೆ. ಹುಣ್ಣಿಮೆ ಕಳೆದು ಅಮಾವಾಸ್ಯೆಗೆ ಹೋಗುವ ಕತ್ತಲೆಯ ದಿನಗಳಲ್ಲಿಯೇ ಕಡಿಯಬೇಕು. ಬೆಳದಿಂಗಳು ಏರುವ ದಿನಗಳಲ್ಲಿ ಕಡಿದದ್ದಕ್ಕೆ ಹುಳು ಬೀಳುತ್ತದೆ ಎಂಬುದು ನಂಬಿಕೆ. ಚಿಕ್ಕಯ್ಯ ಬೆಳದಿಂಗಳ ಪಕ್ಷದಲ್ಲಿ ಮೆಳೆಯ ಹತ್ತಿರ ಕತ್ತಿಯನ್ನೇ ಒಯ್ಯುತ್ತಿರಲಿಲ್ಲ. ಮುತ್ತಮ್ಮನೂ ಎಂದೂ ಒಯ್ದವರಲ್ಲ. ಆದರೆ ಗೌರಿ ಹಬ್ಬದ ಹೊತ್ತಿಗೆ ತಮ್ಮಯ್ಯ ಜಗಲಿಯಿಂದ ಏಳುವುದನ್ನೇ ಬಿಟ್ಟಿದ್ದರು. ಊಟವೂ ಅಲ್ಲಿಯೇ. ಅದನ್ನು ನೋಡಿದ ಮುತ್ತಮ್ಮನಿಗೆ ತಡೆಯಲಾಗಲಿಲ್ಲ. ಚೌತಿಯ ಮಾರನೆಯ ದಿನವೇ ಹೋಗಿ ಒಳ್ಳೆಯ ಗಳುವೊಂದನ್ನು ಕಡಿದು ತಂದರು.

"ಬೆಳ್ದಿಂಗ್ಳು ಅಂತ ಗೊತ್ತಿತ್ತು ಅಮ್ಮ. ಹೊಗೆ ಜಾಸ್ತಿ ಹಾಕಿದ್ರೆ ಆಯ್ತು ಅನ್ಕಂಡೆ. ಕಾಯಕ್ಕೆ ಆಗ್ಲಿಲ್ಲ."

ಕೋಲು ನೋಡಲು ಚೆನ್ನಾಗಿಯೇ ಆಯಿತು. ಜಗಲಿಗೆ ಒಯ್ದು ಕೊಟ್ಟರು. ತಮ್ಮಯ್ಯ ಎಡಗೈಯಿಂದ ತೆಗೆದುಕೊಂಡು, ಬಲಗೈಗೆ ದಾಟಿಸಿ, ಅಂಗಳದ ಕಡೆಗೆ ಒಂದು ಸಲ ಮೆಲ್ಲಗೆ ಬೀಸಿದರು. ಎರಡನೆಯ ಗೆಣ್ಣಿನಲ್ಲಿ ಕೋಲು ಮುರಿಯಿತು. ಒಳಗಿಂದ ಹಳದಿ ಹಿಟ್ಟು ಅವರ ಅಂಗಿಯ ಮೇಲೆ ಉದುರಿತು. ಹುಳು ಒಳಗೊಳಗೇ ತಿಂದು ಮುಗಿಸಿತ್ತು. ತಮ್ಮಯ್ಯ ಅಂಗಿ ಕೊಡವಿಕೊಂಡರು. ಎರಡು ತುಂಡುಗಳನ್ನೂ ಗೋಡೆಗೆ ಒಪ್ಪವಾಗಿ ಒರಗಿಸಿ ಒಳಗೆ ಹೋದರು.

"ಒಂದು ಮಾತು ಬೈಲಿಲ್ಲ. ಎಮ್ಮೆ ಅನ್ಲಿಲ್ಲ, ಎತ್ತು ಅನ್ಲಿಲ್ಲ. ಬೈದಿದ್ರೆ ನಂಗೆ ನಿದ್ದೆ ಬರ್ತಿತ್ತು" ಎನ್ನುತ್ತಾರೆ ಮುತ್ತಮ್ಮ.

ಆದ್ದರಿಂದಲೇ ಈ ಬೆಳಗು, ದೀಪಾವಳಿಯ ಅಮಾವಾಸ್ಯೆಗೆ ಹತ್ತಿರದ ಈ ದಿನ, ಈ ಮೆಳೆ. ಕಾದು ಬಂದಿದ್ದಾರೆ. ಮುರಿದ ಕೋಲಿನಿಂದ ಅವರು ಕಲಿತದ್ದು ಹುಳುವಿನ ಪಾಠವೊಂದೇ ಅಲ್ಲ. ಅಂದು ಬೀಸಿದಾಗ ತಮ್ಮಯ್ಯನ ಮುಂಗೈ ಕೋಲಿನ ಭಾರಕ್ಕೆ ಕೆಳಗೆ ಇಳಿದದ್ದನ್ನು ಅವರು ನೋಡಿದ್ದಾರೆ. ಕೋಲು ಎಷ್ಟು ಹಗುರವಾದರೂ ಅದನ್ನು ಮುಂಗೈಯೊಂದೇ ಹೊರಬೇಕು. ಹೊರೆಯನ್ನು ಮೊಣಕೈಯವರೆಗೆ ಹಂಚಿದರೆ? ಬುಡ ಮುಂಗೈಯಿಂದ ಹಿಂದಕ್ಕೆ ಬಾಗಿ, ತೋಳಿನ ಕೆಳಗೆ ಒರಗಿ ಮೊಣಕೈಯ ತನಕ ಬಂದರೆ? ಅಂಥ ಬಾಗನ್ನು ಬೆಂಕಿಗೆ ಹಿಡಿದು ಮಾಡಬಹುದು. ಆದರೆ ವಾಟೆಯ ತೆಳು ಗೋಡೆ ಬುಡದಲ್ಲಿ ಸೀಳುತ್ತದೆ. ಬಾಗು ಹುಟ್ಟಿನಿಂದಲೇ ಇರಬೇಕು.

ಹಾಗೆ ಹುಡುಕುತ್ತ ಹುಡುಕುತ್ತ ಮೆಳೆಯ ಆಚೆ ಬದಿಗೆ, ಹಳ್ಳ ಮಣ್ಣು ಕೊರೆದ ಕಡೆಗೆ ಬಂದಿದ್ದೇವೆ. ಅಲ್ಲಿ ಬಂಡೆಯೊಂದರ ಕೆಳಗಿನಿಂದ ಎದ್ದ ಗಳುವೊಂದು ಬಂಡೆಯನ್ನು ಬಳಸಿ, ಆಮೇಲೆ ಬೆಳಕಿನ ಕಡೆಗೆ ನೇರವಾಗಿ ಹೋಗಿದೆ. ಮುತ್ತಮ್ಮ ತಟ್ಟುತ್ತಾರೆ. ಇನ್ನೊಮ್ಮೆ ತಟ್ಟುತ್ತಾರೆ. ಸ್ವಂತ ಬಲಗೈಯನ್ನು ಆ ಬಾಗಿನ ಮೇಲೆ ಚಾಚಿ ಮಲಗಿಸಿ ನೋಡುತ್ತಾರೆ. ನನ್ನ ಕೈಯನ್ನೂ ಕೇಳುತ್ತಾರೆ. ನನ್ನದು ಗಿಡ್ಡ ಕೈ. "ಭಾವಂದು ನಿಮ್ಮದಕ್ಕಿಂತ ನಾಕು ಬೆರಳು ಉದ್ದ. ಸರಿಹೋಗ್ತದೆ" ಎಂದು ಸೊಂಟದಿಂದ ಕತ್ತಿ ತೆಗೆಯುತ್ತಾರೆ. ಬುಡ ಕಡಿಯಲು ನೀರಿನಲ್ಲಿ ಮಂಡಿಯೂರಬೇಕು. ಅಕ್ಟೋಬರಿನ ಹಳ್ಳದ ನೀರು ಎಷ್ಟು ತಣ್ಣಗಿರುತ್ತದೆ ಎಂಬುದು ಈ ಕಡೆಯವರಿಗೆ ಗೊತ್ತು. ಅವರು ಏಳುವಾಗ ಕಾಲಿಗೆ ರಕ್ತ ಹೀರುವ ಎರಡು ಇಂಬಳ ಅಂಟಿವೆ. ಸುಣ್ಣ ತಾಗಿಸಿ ಬೀಳಿಸಿ, ಕೋಲನ್ನು ಹೆಗಲಿಗೇರಿಸಿಕೊಂಡು, ಎಂಟು ಗಂಟೆಯ ಕೆಲಸಕ್ಕೆ ಹೊರಡುತ್ತಾರೆ.

ಕಡಿದ ಕೋಲು ನೆರಳಿನಲ್ಲಿ ಒಣಗಬೇಕು, ಆಮೇಲೆ ಹುಳು ಬೀಳದಂತೆ ತಿಂಗಳ ಮಟ್ಟಿಗೆ ಹೊಗೆ ತಿನ್ನಬೇಕು. ಹಿಂದೆ ಅಡುಗೆಯ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಈಗ ಲೈನ್ ಮನೆಗಳಲ್ಲಿಯೂ ಗ್ಯಾಸ್ ಬಂದಿದೆ. ಹೊಗೆ ಉಳಿದಿರುವುದು ಬಚ್ಚಲಿನ ಹಂಡೆ ಒಲೆಯಲ್ಲಿ ಮಾತ್ರ, ಅದೂ ದಿನಕ್ಕೊಂದು ಹೊತ್ತು. ಒಂದು ಮನೆಯ ಹೊಗೆ ಸಾಲದು. ಆದ್ದರಿಂದ ತಮ್ಮಯ್ಯನ ಕೋಲು ಮನೆಯಿಂದ ಮನೆಗೆ ಹೋಗುತ್ತಿದೆ. ಬೆಳಿಗ್ಗೆ ನೀರು ಕಾಯಿಸುವವರ ಬಚ್ಚಲಿಂದ ಸಂಜೆ ಕಾಯಿಸುವವರ ಬಚ್ಚಲಿಗೆ, ಬಾಣಂತಿ ಇರುವ ಮನೆಗೆ, ಅಲ್ಲಿ ದಿನವಿಡೀ ಹಂಡೆ ಕುದಿಯುತ್ತದೆಂದು ಒಂದು ವಾರ. ಮುತ್ತಮ್ಮ ಕೆಲಸದಲ್ಲಿದ್ದರೆ ಯಾರೋ ಒಬ್ಬರು ತೆಗೆದು ಇನ್ನೊಬ್ಬರ ಬಚ್ಚಲಿನ ಮೊಳೆಗೆ ಸಿಕ್ಕಿಸಿ ಬರುತ್ತಾರೆ. ಜಗಲಿಯಲ್ಲಿ ಕುಳಿತ ತಮ್ಮಯ್ಯನ ಕಣ್ಣ ಮುಂದೆಯೇ ಈ ಮೆರವಣಿಗೆ ನಡೆಯುತ್ತದೆ. ಅವರು ನೋಡಿಯೂ ನೋಡದವರಂತೆ ಇರುತ್ತಾರೆ.

ಒಂದು ಸಂಜೆ ಮಾತ್ರ ಕೋಲು ಹೊತ್ತು ಹೋಗುತ್ತಿದ್ದ ಕೆಂಚಯ್ಯನಿಗೆ ಜಗಲಿಯಿಂದ ಮಾತು ಬಂತಂತೆ. "ತುದಿ ಮೇಲೆ ಮಾಡಿ ಹಿಡಿಯಾ. ನೆಲಕ್ಕೆ ಕೆರೀತೈತೆ."

ಕೆಂಚಯ್ಯ ಕಡಿಮೆ ಮಾತಿನವರು. ಹೆಂಡತಿಗೆ ಇದನ್ನು ಮೂರು ಸಲ ಹೇಳಿದರಂತೆ.

ಹೊಗೆಯಾದ ಮೇಲೆ ಕೆಂಡದ ಶಾಖಕ್ಕೆ ಹಿಡಿದು ನಡುವಿನ ಸಣ್ಣಪುಟ್ಟ ವಂಕುಗಳನ್ನು ತೀಡಿ ನೇರ ಮಾಡುತ್ತಾರೆ. ಬುಡದ ಬಾಗಿಗೆ ಶಾಖ ತಾಗಿಸುವುದಿಲ್ಲ. ಹಳೆಯ ಸೀರೆಯ ಅಂಚನ್ನು ಮಡಿಸಿ ಹೊಲಿದು, ಮೊಣಕೈಯ ಬಳಿ ತೋಳನ್ನು ತೂರಿಸಿಕೊಳ್ಳಲು ಒಂದು ಕುಣಿಕೆ ಕಟ್ಟುತ್ತಾರೆ. ಕೊಬ್ಬರಿ ಎಣ್ಣೆ ಒರೆಸುತ್ತಾರೆ. ತುದಿಗೆ ಮೆಣಸಿನ ಗೊನೆ ನೇತುಹಾಕಿದರೆ ಕೋಲು ತಲೆ ಬಾಗಿಸುತ್ತದೆ, ತೆಗೆದರೆ ಏಳುತ್ತದೆ. ನೈಲಾನ್ ದಾರ, ನೀರಿನ ಮೇಲೆ ತೇಲುವ ಸಣ್ಣ ಬೆಂಡು, ಅತಿ ಸಣ್ಣ ಗಾಳ.

ಡಿಸೆಂಬರಿನ ಒಂದು ಭಾನುವಾರ ನಾನು ಮತ್ತೆ ಹೋದಾಗ ಕಾಫಿ ಕೊಯ್ಲು ಶುರುವಾಗಿದೆ. ಕೆಲಸಕ್ಕೆ ಬಿಡುವಿರುವುದು ಅದೊಂದೇ ದಿನ. ಮುತ್ತಮ್ಮ ಕೋಲು ಹಿಡಿದು ಜಗಲಿಯ ಮುಂದೆ ನಿಂತಿದ್ದಾರೆ.

"ಭಾವ, ಇದೊಂದು ನೋಡಿ ಹೇಳಿ. ನೀವು ಹಿಡಿಯೋದೇನು ಬ್ಯಾಡ. ಅಂಗಡಿಯವ್ರು ಇಂಥದ್ದು ಬೇಕು ಅಂದಿದಾರೆ."

"ಯಾವ ಅಂಗಡಿಯವ್ನು ಕೇಳಿದ್ದು ಇಂಥ ಡೊಂಕು ಕೋಲು?"

"ಇದಾರೆ ಒಬ್ರು."

"ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ." ತಮ್ಮಯ್ಯ ಕೋಲಿನ ಬಾಗನ್ನು ನೋಡುತ್ತಾರೆ, ಕುಣಿಕೆಯನ್ನು ನೋಡುತ್ತಾರೆ. ಅದು ಯಾರ ಕೈಗೆ ಎಂದು ಅವರಿಗೆ ತಿಳಿಯದೆ ಏನು. ದೇವೀರಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಅಲ್ಲಾಡಿಸುವುದನ್ನು ನಿಲ್ಲಿಸಿದ್ದಾರೆ.

"ಅಂಗಳದಲ್ಲಿ ನೋಡಿದ್ರೆ ಏನ್ ಗೊತ್ತಾಗ್ತದೆ?" ಎನ್ನುತ್ತಾರೆ ಕೊನೆಗೆ. "ನೀರ್ ಬೇಕಲ್ಲ."

ಗುಂಡಿಗೆ ಇಳಿಯುವ ದಾರಿಯಲ್ಲಿ ಕೆಂಚಯ್ಯ ಹಿಂದಿನ ದಿನವೇ ಮಣ್ಣು ಕಡಿದು ಮೆಟ್ಟಿಲು ಮಾಡಿದ್ದಾರೆ, ದಂಡೆಗೆ ಒಂದು ಚಪ್ಪಟೆ ಕಲ್ಲು ಹಾಕಿದ್ದಾರೆ. ತಮ್ಮಯ್ಯ ಕಲ್ಲಿನ ಮೇಲೆ ಕುಳಿತು, ಕುಣಿಕೆಗೆ ತೋಳು ತೂರಿಸುತ್ತಾರೆ. ಬಾಗು ತೋಳಿನ ಕೆಳಗೆ ಒರಗಿ ಕೂರುತ್ತದೆ. ಬೆರಳುಗಳು ಸುಮ್ಮನೆ ಮೇಲಿದ್ದರೆ ಸಾಕು. ಎಡಗೈಯಿಂದ ಎರೆಹುಳು ಸಿಕ್ಕಿಸಿ, ಮೊದಲ ಸಲ ಬೀಸುತ್ತಾರೆ.

ದಾರ ನೀರಿಗೆ ಬೀಳುವುದಿಲ್ಲ. ಮೇಲೆ ಬಾಗಿದ್ದ ಅತ್ತಿಯ ಕೊಂಬೆಗೆ ಗಾಳ ಸಿಕ್ಕಿ ನೇತಾಡುತ್ತದೆ.

ಕೆಂಚಯ್ಯ ಬಿಡಿಸಲು ಮುಂದೆ ಹೆಜ್ಜೆ ಇಡುತ್ತಾರೆ. ಮುತ್ತಮ್ಮ ಹಿಂದಿನಿಂದ ಅವರ ಅಂಗಿ ಹಿಡಿದು ನಿಲ್ಲಿಸುತ್ತಾರೆ. ತಮ್ಮಯ್ಯ ಏನೋ ಗೊಣಗುತ್ತ ಕಲ್ಲಿನಿಂದ ಏಳುತ್ತಾರೆ. ಕೋಲನ್ನು ಕೊಂಬೆಯತ್ತ ಚಾಚುತ್ತಾರೆ. ತಲುಪುವುದಿಲ್ಲ. ಇನ್ನಷ್ಟು ಚಾಚುತ್ತಾರೆ. ಹಲ್ಲು ಕಚ್ಚಿದ್ದಾರೆ, ಹಣೆಯಲ್ಲಿ ಬೆವರು. ಕೈ ಎದೆ ದಾಟುತ್ತದೆ, ಗದ್ದ ದಾಟುತ್ತದೆ, ಕಿವಿಯ ಮಟ್ಟಕ್ಕೆ ಬರುತ್ತದೆ. ಕೋಲಿನ ತುದಿ ಕೊಂಬೆಯನ್ನು ತಟ್ಟುತ್ತದೆ, ಮತ್ತೆ ತಟ್ಟುತ್ತದೆ. ಗಾಳ ಬಿಡಿಸಿಕೊಂಡು ಕೆಳಗೆ ಬೀಳುತ್ತದೆ. ದೇವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಳ್ಳದ ಆಚೆ ದಡ ನೋಡುತ್ತಿದ್ದಾರೆ.

ಎರಡನೆಯ ಸಲ ದಾರ ನೀರಿಗೆ ಬೀಳುತ್ತದೆ. ಬೆಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಥಟ್ಟನೆ ಮುಳುಗುತ್ತದೆ. ತಮ್ಮಯ್ಯ ಎತ್ತುವುದರೊಳಗೆ ಮೀನು ಹುಳು ತಿಂದು ಹೋಗಿದೆ.

ಆಗ ಶುರುವಾಗುತ್ತದೆ. "ಏನ್ ಕೋಲೇ ಇದು ಮಾರಾಯ್ತಿ! ಒಂದು ಗೇಣು ಉದ್ದ ಜಾಸ್ತಿ ಆಗೈತೆ. ಮೋರಿ ಹತ್ರ ಕೊಂಬೆ ಇರೋದು ಗೊತ್ತಿಲ್ವಾ ನಿಂಗೆ? ಅಳತೆ ಹಿಡಿಯುವಾಗ ಮದುವೆ ಮನೆಗೆ ಹೊಂಟಿದ್ಯಾ?"

"ತಪ್ಪಾಯ್ತು ಭಾವ. ಕೊಡಿ ಇಲ್ಲಿ, ಕಡ್ದು ಕೊಡ್ತೀನಿ."

"ಈಗ್ ಬ್ಯಾಡ. ಸಂಜೆ ಕಡಿ. ಈಗ ಮೀನು ಐತೆ."

ಹೀಗೆ ಹೇಳಿ ಅವರು ಇನ್ನೊಂದು ಹುಳು ಸಿಕ್ಕಿಸುತ್ತಾರೆ. ನಾವು ಮೆಲ್ಲಗೆ ಮೇಲಕ್ಕೆ ಹತ್ತುತ್ತೇವೆ. ಕೆಂಚಯ್ಯ ಮಾತ್ರ ದಂಡೆಯ ಮೇಲೆ ಸ್ವಲ್ಪ ದೂರದಲ್ಲಿ, ಬೀಡಿ ಸೇದುವ ನೆಪದಲ್ಲಿ ಉಳಿಯುತ್ತಾರೆ.

ಕೊಂಬೆಗೆ ತಾಗಲೆಂದೇ ಉದ್ದ ಇಟ್ಟಿರಾ ಎಂದು ದಾರಿಯಲ್ಲಿ ಕೇಳುತ್ತೇನೆ. ಮುತ್ತಮ್ಮನಿಗೆ ನಗು ಬರುತ್ತದೆ. "ಅಷ್ಟೆಲ್ಲ ತಲೆ ಎಲ್ಲಿಂದ ಅಮ್ಮ? ನನ್ ಅಳತೆ ತಪ್ಪಿದ್ದೇ. ಭಾವ ಕುಂತ್ಕಂಡು ಬೀಸ್ತಾರೆ ಅನ್ನದು ಮರ್ತು, ನಿಂತ್ಕಂಡ್ ಬೀಸೋರ ಲೆಕ್ಕ ಹಿಡ್ದೆ. ಸುಳ್ಳು ಯಾಕೆ ಹೇಳ್ಲಿ."

ಕೆಳಗಿನಿಂದ ತಮ್ಮಯ್ಯ ಯಾರನ್ನೋ ಬೈಯುವುದು ಕೇಳಿಸುತ್ತದೆ. ಮೀನನ್ನೋ, ಕೆಂಚಯ್ಯನನ್ನೋ ತಿಳಿಯುವುದಿಲ್ಲ. ಮುತ್ತಮ್ಮ ನಿಂತು ಕೇಳಿಸಿಕೊಳ್ಳುತ್ತಾರೆ. ಇನ್ನೇನು ಆಸೆಯಿದೆ ಎಂದು ವಿಚಾರಿಸಿದರೆ, ತುಸು ಯೋಚಿಸಿ ಹೇಳುತ್ತಾರೆ:

"ಬರೋ ಕತ್ಲೆ ಪಕ್ಷಕ್ಕೆ ಮೆಳೆಗೆ ಭಾವನ್ನೂ ಕರ್ಕಂಡ್ ಹೋಗ್ಬೇಕು. ಅಷ್ಟ್ರಲ್ಲಿ ಕೈ ಇನ್ನೂ ಸ್ವಲ್ಪ ಏಳ್ತದೆ. ಕತ್ತಿ ಅವ್ರೇ ಹಿಡೀಲಿ, ಕಡೀಲಿ. ಯಾವ್ದು ಅಂತ ಆರ್ಸದು ಮಾತ್ರ ನಾನೇ."